ಮುಚ್ಚಿಹೋಗುವ ಕೆಲಸ ಮತ್ತು ಅಳತೆ ಪುಸ್ತಕ

ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು, ಅವರ ಅಧ್ಯಾಪಕರು ಮತ್ತು ಕೆಲವು ಗುತ್ತಿಗೆದಾರರು ಸೇರಿದ್ದ ಸಭೆಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ಪುನರಾವರ್ತನೆಯಾಗಿದ್ದನ್ನು ಕೈಬಿಟ್ಟು, ಅವಸರದಲ್ಲಿ ಅರ್ಧಕ್ಕೆ ನಿಂತಿದ್ದ ಕೆಲವು ವಿಷಯಗಳನ್ನು ಪೂರ್ತಿ ಮಾಡಿದ್ದೇನೆ.

ಮಾರುಕಟ್ಟೆಯಲ್ಲಿ ಬಟ್ಟೆ ಕೊಳ್ಳುವವರು ಅದನ್ನು ಮುಟ್ಟಿ ನೋಡಬಹುದು, ಅಕ್ಕಿ ಕೊಳ್ಳುವವರು ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡು ನೋಡಬಹುದು. ಕಟ್ಟಡದ ಕಸುಬಿನಲ್ಲಿ ಹಾಗಿಲ್ಲ. ಪಾಯವನ್ನು ಮಣ್ಣು ಮುಚ್ಚುತ್ತದೆ, ಕಬ್ಬಿಣವನ್ನು ಕಾಂಕ್ರೀಟು ಮುಚ್ಚುತ್ತದೆ, ಕಾಂಕ್ರೀಟನ್ನು ಗಾರೆ ಮುಚ್ಚುತ್ತದೆ, ಗಾರೆಯನ್ನು ಬಣ್ಣ ಮುಚ್ಚುತ್ತದೆ. ಈ ಕಸುಬಿನಲ್ಲಿ ಇವತ್ತಿನ ಕೆಲಸವು ನಿನ್ನೆಯ ಕೆಲಸವನ್ನು ಕಣ್ಣಿಗೆ ಕಾಣದ ಹಾಗೆ ಮಾಡುತ್ತಲೇ ಮುಂದೆ ಸಾಗುತ್ತದೆ. 'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ಕಟ್ಟಿದವರು ಗಾರೆ ಕೆಲಸದವರೇ ಇರಬೇಕು ಎಂದು ನನಗೆ ಹಲವು ಸಲ ಅನಿಸಿದೆ. ನಿರ್ಮಾಣ ಕ್ಷೇತ್ರದ ಭ್ರಷ್ಟಾಚಾರ ಎಂದೊಡನೆ ನಾವು ಟೆಂಡರು, ಮಂತ್ರಿ, ಸೂಟ್‌ಕೇಸು ಎಂದು ಯೋಚಿಸುತ್ತೇವೆ. ಅವೆಲ್ಲ ಇವೆ. ಆದರೆ ಆ ಹಣ ಹುಟ್ಟುವ ಜಾಗ ಅದಲ್ಲ. ಅದು ಹುಟ್ಟುವುದು ಹೀಗೆ ಮುಚ್ಚಿಹೋಗುವ ಪದರದಲ್ಲಿ. ಆ ಪದರಕ್ಕೆ ಇರುವ ಒಂದೇ ಸಾಕ್ಷಿಯೆಂದರೆ, ಆದ ಕೆಲಸವನ್ನು ಎಂಜಿನಿಯರ್ ಅಳೆದು ಬರೆದಿಡುವ ಅಳತೆ ಪುಸ್ತಕ, ನಮ್ಮ ಕಚೇರಿ ಭಾಷೆಯಲ್ಲಿ ಎಂಬಿ. ಇಂದು ನಾನು ಆ ಪುಸ್ತಕದ ಸುತ್ತಲೇ ಮಾತನಾಡುತ್ತೇನೆ.

ಒಂದು ಕಂಬವನ್ನು ತೆಗೆದುಕೊಳ್ಳೋಣ. 9 ಇಂಚು 18 ಇಂಚಿನ ಸಾಮಾನ್ಯ ಮನೆಯ ಪಿಲ್ಲರ್, 10 ಅಡಿ ಎತ್ತರ. ನಕ್ಷೆಯಲ್ಲಿ 8 ಮಿ.ಮೀ. ರಿಂಗುಗಳನ್ನು 6 ಇಂಚಿಗೊಂದರಂತೆ ಕಟ್ಟಬೇಕು ಎಂದಿದೆ. ಅಂದರೆ ಸುಮಾರು 20 ರಿಂಗು. ಕಬ್ಬಿಣ ಕಟ್ಟುವ ಬಾರ್ ಬೆಂಡರ್ ಅದನ್ನು 9 ಇಂಚಿಗೊಂದರಂತೆ ಕಟ್ಟುತ್ತಾನೆ. 13 ರಿಂಗಿಗೆ ಕೆಲಸ ಮುಗಿಯುತ್ತದೆ. ಉಳಿದದ್ದು 7 ರಿಂಗು, ತೂಕದಲ್ಲಿ ಮೂರು ಕಿಲೋ ಚಿಲ್ಲರೆ. ಕಬ್ಬಿಣಕ್ಕೆ ಕಿಲೋಗೆ 60 ರೂಪಾಯಿ ಎಂದು ಹಿಡಿದರೂ ಒಂದು ಕಂಬದಲ್ಲಿ ಉಳಿಯುವುದು 200 ರೂಪಾಯಿ. ಆ ರಿಂಗುಗಳ ಕೆಲಸವೇನು? ಭಾರ ಬಿದ್ದಾಗ ಉದ್ದದ ಕಂಬಿಗಳು ಹೊರಕ್ಕೆ ಬಾಗಿ ಸಿಡಿಯದಂತೆ ಹಿಡಿದಿಡುವುದು. ಕಂಬ ಕುಸಿಯುವಾಗ ಕೊನೆಯ ಗಳಿಗೆಯಲ್ಲಿ ಮನುಷ್ಯರಿಗೆ ಓಡಿಹೋಗಲು ಸಮಯ ಕೊಡುವುದೂ ಅವೇ. ಆ ಸಮಯವನ್ನು ಕಂಬಕ್ಕೆ 200 ರೂಪಾಯಿಯಂತೆ ಮಾರಲಾಗುತ್ತಿದೆ.

ರಸ್ತೆಯ ಲೆಕ್ಕ ಇನ್ನೂ ಸರಳವಾಗಿದೆ. ಐದೂವರೆ ಮೀಟರ್ ಅಗಲದ ರಸ್ತೆಯ ಮೇಲೆ 30 ಮಿ.ಮೀ. ದಪ್ಪದ ಡಾಂಬರು ಪದರ ಹಾಕಬೇಕಾದಲ್ಲಿ 25 ಮಿ.ಮೀ. ಹಾಕಿದರು ಎಂದುಕೊಳ್ಳಿ. ಕೊರತೆ 5 ಮಿ.ಮೀ., ಮೂರು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು. ನಡೆದು ಹೋಗುವವರ ಕಣ್ಣಿಗಂತೂ ಕಾಣುವಂಥದ್ದಲ್ಲ. ಆದರೆ ಒಂದು ಕಿಲೋಮೀಟರಿಗೆ ಅದು ಇಪ್ಪತ್ತೇಳೂವರೆ ಘನ ಮೀಟರ್, ತೂಕದಲ್ಲಿ 60 ಟನ್ನಿಗೂ ಮೇಲೆ, ಆರು ಟಿಪ್ಪರ್ ಲೋಡು. ಆ ಆರು ಟಿಪ್ಪರ್‌ಗಳು ಕಾಗದದ ಮೇಲೆ ಬಂದು ಹೋಗಿರುತ್ತವೆ. ಮೊದಲ ಮಳೆಗಾಲದಲ್ಲಿ ರಸ್ತೆ ಕಿತ್ತುಹೋದಾಗ ಮಳೆ ಜಾಸ್ತಿಯಾಯಿತು ಎನ್ನುತ್ತಾರೆ. ಮಳೆಗೆ ಬಾಯಿಲ್ಲ, ಅದು ಸ್ಪಷ್ಟನೆ ಕೊಡುವುದಿಲ್ಲ.

ಹಾಗಾದರೆ ಇಂಥ ಕಟ್ಟಡಗಳೆಲ್ಲ ಏಕೆ ಬೀಳುವುದಿಲ್ಲ ಎಂದು ನೀವು ಕೇಳಬಹುದು. ಇದು ಒಳ್ಳೆಯ ಪ್ರಶ್ನೆ, ಮತ್ತು ಈ ಕಸುಬಿನ ಅತ್ಯಂತ ಅಪಾಯಕಾರಿ ರಹಸ್ಯವೂ ಇದರ ಉತ್ತರದಲ್ಲೇ ಇದೆ. ನೀವು ಓದಿರುವ, ಕಾಂಕ್ರೀಟ್ ಕಟ್ಟಡಗಳ ವಿನ್ಯಾಸಕ್ಕೆಂದೇ ಇರುವ ಐಎಸ್ 456 ಸಂಹಿತೆಯಲ್ಲಿ ಭಾರವನ್ನು ಒಂದೂವರೆ ಪಟ್ಟು ಹೆಚ್ಚಿಸಿ ಲೆಕ್ಕ ಹಾಕುತ್ತೇವೆ, ಕಾಂಕ್ರೀಟಿನ ಬಲವನ್ನು ಒಂದೂವರೆಯಿಂದ ಭಾಗಿಸಿ ತೆಗೆದುಕೊಳ್ಳುತ್ತೇವೆ. ಮನುಷ್ಯರ ಸಣ್ಣಪುಟ್ಟ ತಪ್ಪು, ಸಾಮಗ್ರಿಯ ಏರುಪೇರು, ನಿರೀಕ್ಷಿಸದ ಭಾರ ಇವುಗಳಿಗಾಗಿ ಹಿರಿಯರು ಎತ್ತಿಟ್ಟ ಬುತ್ತಿ ಅದು. ಕಳ್ಳತನ ನಡೆಯುವುದು ಈ ಬುತ್ತಿಯಿಂದಲೇ. ಹಾಗಾಗಿ ಕಟ್ಟಡ ನಿಂತಿರುತ್ತದೆ, ಬಿಲ್ಲು ಪಾಸಾಗುತ್ತದೆ, ಎಲ್ಲರಿಗೂ 'ಇಷ್ಟು ಮಾಡಿದರೆ ಏನೂ ಆಗುವುದಿಲ್ಲ' ಎಂಬ ಅನುಭವಜ್ಞಾನ ಬರುತ್ತದೆ. ಮುಂದಿನ ಕೆಲಸದಲ್ಲಿ ಇನ್ನಷ್ಟು ಕೈ ಹಾಕುತ್ತಾರೆ. ಯಾವುದೋ ಒಂದು ದಿನ ಮಾಲೀಕ ಮೇಲೆ ಇನ್ನೆರಡು ಅಂತಸ್ತು ಏರಿಸುತ್ತಾನೆ, ಅಥವಾ ಪಕ್ಕದ ನಿವೇಶನದಲ್ಲಿ ಪಾಯ ಅಗೆಯುತ್ತಾರೆ, ಆಗ ಬುತ್ತಿ ಬರಿದಾಗಿರುವುದು ತಿಳಿಯುತ್ತದೆ.

ಬೆಂಗಳೂರಿನಲ್ಲಿ 1983ರ ಸೆಪ್ಟೆಂಬರ್ 12ರಂದು ಕಪಾಲಿ ಚಿತ್ರಮಂದಿರದ ಬಳಿ ನಿರ್ಮಾಣ ಹಂತದಲ್ಲಿದ್ದ ಏಳು ಅಂತಸ್ತಿನ ಗಂಗಾರಾಮ್ ಕಟ್ಟಡ ಕುಸಿದು 123 ಜನ ಸತ್ತರು. ಅದಾಗಿ ನಾಲ್ಕು ದಶಕ ಕಳೆದಿವೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಸಂಕೀರ್ಣ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್ 22ರಂದು, ಮಳೆ ಸುರಿಯುತ್ತಿದ್ದ ದಿನ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಅನುಮತಿಗಿಂತ ಹೆಚ್ಚು ಅಂತಸ್ತು ಏರಿಸುತ್ತಿದ್ದ ಕಟ್ಟಡ ಕುಸಿದು 9 ಜನ ಕಾರ್ಮಿಕರು ಸತ್ತರು. ಈ ಮೂರೂ ಇನ್ನೂ ಕಟ್ಟುತ್ತಿದ್ದ ಕಟ್ಟಡಗಳು ಎಂಬುದನ್ನು ಗಮನಿಸಿ. ನೂರು ವರ್ಷ ಬಾಳಿ ಮುಪ್ಪಾಗಿ ಬಿದ್ದವಲ್ಲ. ಕಣ್ಣೆದುರೇ ಮೇಲೇಳುತ್ತಿದ್ದವು, ದಾರಿಯಲ್ಲಿ ಹೋಗುವ ಯಾರಾದರೂ ಅಂತಸ್ತುಗಳನ್ನು ಎಣಿಸಬಹುದಿತ್ತು.

ಖಾಸಗಿ ಕಟ್ಟಡಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅಲ್ಲಿ ನಕ್ಷೆಯೇ ಒಂದು, ಕಟ್ಟಡವೇ ಒಂದು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಅಂತರವನ್ನು ದಂಡ ಕಟ್ಟಿಸಿಕೊಂಡು ಮನ್ನಿಸಲು ನಮ್ಮ ರಾಜ್ಯ 'ಅಕ್ರಮ-ಸಕ್ರಮ' ತಂದಿತು. ವಾಸದ ಕಟ್ಟಡಗಳಲ್ಲಿ ಶೇ 50ರವರೆಗಿನ ಮತ್ತು ಇತರ ಕಟ್ಟಡಗಳಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ಸಕ್ರಮಗೊಳಿಸುವುದು ಅದರ ಉದ್ದೇಶವಾಗಿತ್ತು. 2016ರ ಕೊನೆಯಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿದರೂ ಮರುವರ್ಷದ ಆರಂಭದಲ್ಲೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟು, ಕಟ್ಟಡ ನಕ್ಷೆಯಂತೆ ಮುಗಿದಿದೆ ಎನ್ನುವ ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಕಟ್ಟಡಗಳಿಗೆ ವಿದ್ಯುತ್ತು, ನೀರಿನ ಸಂಪರ್ಕ ಕೊಡಬಾರದು ಎಂದಾಗ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ಸಾವಿರಾರು ಜನ ಮೀಟರಿಗಾಗಿ ಅಲೆದರು, ಕೊನೆಗೆ 30/40 ಸೈಟಿನವರೆಗಿನ ಸಣ್ಣ ಮನೆಗಳಿಗೆ ಸರ್ಕಾರ ಆ ಪತ್ರದಿಂದಲೇ ವಿನಾಯಿತಿ ಕೊಡಬೇಕಾಯಿತು. ನಿಯಮವನ್ನು ಪಾಲಿಸುವುದು ಅಸಾಧ್ಯವಾಗುವಷ್ಟು ಉಲ್ಲಂಘನೆಯೇ ರೂಢಿಯಾಗಿರುವ ಊರಿನಲ್ಲಿ, ತನಿಖಾಧಿಕಾರಿಯ ಕೈಯಲ್ಲಿ ಇರುವುದು ಕಾನೂನಲ್ಲ, ಬೆದರಿಕೆ. ಬೆದರಿಕೆಗೆ ಯಾವಾಗಲೂ ಒಂದು ದರ ಇರುತ್ತದೆ.

ಈಗ ಸರ್ಕಾರಿ ಕೆಲಸಕ್ಕೆ ಬರೋಣ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಗೆಂದೇ 1999ರ ಕಾಯ್ದೆ ಇದೆ, ನಾವು ಕೆಟಿಪಿಪಿ ಎನ್ನುತ್ತೇವೆ. ಅದು ಬರುವ ಮುಂಚಿನ ದಿನಗಳನ್ನು ಹಿರಿಯ ಗುತ್ತಿಗೆದಾರರು ನೆನಪಿಸಿಕೊಂಡು ನಗುತ್ತಾರೆ: ಟೆಂಡರ್ ಪೆಟ್ಟಿಗೆಯ ಮುಂದೆ ನಾಲ್ಕು ಜನ ಗಟ್ಟಿಮುಟ್ಟಾದ ಆಳುಗಳು ನಿಂತಿರುತ್ತಿದ್ದರು, ಬೇರೆಯವರು ಫಾರಂ ಹಾಕಲು ಹತ್ತಿರ ಬರುವಂತಿರಲಿಲ್ಲ. ನಂತರ ಟೆಂಡರನ್ನು ಕಂಪ್ಯೂಟರಿನಲ್ಲೇ ಹಾಕುವ ಇ-ಪ್ರೊಕ್ಯೂರ್‌ಮೆಂಟ್ ಬಂತು, ಪೆಟ್ಟಿಗೆ ಹೋಯಿತು, ಆಳುಗಳೂ ಹೋದರು. ಇದು ನಿಜವಾದ ಸುಧಾರಣೆ, ಇದನ್ನು ಹೀಗಳೆಯುವವನು ನಾನಲ್ಲ. ಆದರೆ ನಾವು ಬಾಗಿಲಿಗೆ ಒಳ್ಳೆಯ ಬೀಗ ಹಾಕಿದೆವು, ಹಿತ್ತಲಿಗೆ ಗೋಡೆಯನ್ನೇ ಕಟ್ಟಲಿಲ್ಲ.

ಟೆಂಡರಿಗಿಂತ ಮೊದಲು ಅಂದಾಜುಪಟ್ಟಿ ಇದೆ. ಅಗತ್ಯವಿಲ್ಲದ ಚರಂಡಿ, ಇರುವ ರಸ್ತೆಗೇ ಮತ್ತೊಂದು ಹೆಸರು, ಗಟ್ಟಿ ಬಂಡೆ ಎಂದು ತೋರಿಸಿದ ಮೆದು ಮಣ್ಣಿನ ಅಗೆತ ಇವೆಲ್ಲ ಅಲ್ಲೇ ಸೇರಿಕೊಳ್ಳುತ್ತವೆ. ಒಂದು ಕೆಲಸವನ್ನು ಟೆಂಡರ್ ಮಿತಿಯ ಕೆಳಗೆ ಬರುವಂತೆ ತುಂಡು ಮಾಡಿದರೆ ತುಂಡು ಗುತ್ತಿಗೆ, ಊರಿನ ಸಣ್ಣ ಗುತ್ತಿಗೆದಾರರು ಮುಟ್ಟಲಾಗದಷ್ಟು ದೊಡ್ಡದಾಗಿ ಗಂಟು ಕಟ್ಟಿದರೆ ಪ್ಯಾಕೇಜು. ಎರಡೂ ಕಾಗದದ ಮೇಲೆ ಕಾನೂನುಬದ್ಧವಾಗಿಯೇ ಕಾಣುತ್ತವೆ. ಕಾಯ್ದೆಯ 4(ಜಿ) ಕಲಮಿನಡಿ ಸರ್ಕಾರವು ಅಧಿಸೂಚನೆ ಹೊರಡಿಸಿ ಟೆಂಡರಿನಿಂದಲೇ ವಿನಾಯಿತಿ ಕೊಡಬಹುದು. ಹಿಂದೆ ಭೂಸೇನಾ ನಿಗಮ ಎನಿಸಿಕೊಂಡಿದ್ದು ಈಗ ಕೆಆರ್‌ಐಡಿಎಲ್ ಆಗಿರುವ ಸರ್ಕಾರಿ ನಿರ್ಮಾಣ ಸಂಸ್ಥೆಗೆ ಈ ದಾರಿಯಲ್ಲಿ ಹೋದ ಕೆಲಸಗಳ ಬಗ್ಗೆ ಗುತ್ತಿಗೆದಾರರೂ ಲೆಕ್ಕಪರಿಶೋಧಕರೂ ಆಕ್ಷೇಪ ಎತ್ತುತ್ತಲೇ ಬಂದಿದ್ದಾರೆ. ತುರ್ತಿಗೆಂದು ಇಟ್ಟ ಬಾಗಿಲು ಅದು, ಆದರೆ ನಮ್ಮಲ್ಲಿ ತುರ್ತು ವರ್ಷವಿಡೀ ಇರುತ್ತದೆ.

ಟೆಂಡರ್ ಆದ ಮೇಲೆ ಉಳಿಯುವುದು ಮೂರು ಮೆಟ್ಟಿಲು: ಅಳತೆ, ಬಿಲ್ಲು, ಎಲ್‌ಓಸಿ ಅಂದರೆ ಹಣ ಬಿಡುಗಡೆಯ ಪತ್ರ. ಗುತ್ತಿಗೆದಾರನನ್ನು ನಿಜವಾಗಿ ಹಿಂಡುವುದು ಇಲ್ಲಿಯೇ. ಕೆಲಸ ಹಿಡಿಯುವ ತನಕ ಅವನಿಗೆ ಬೇಡ ಎನ್ನುವ ಸ್ವಾತಂತ್ರ್ಯವಿರುತ್ತದೆ. ಕೆಲಸ ಮುಗಿಸಿ, ಜಲ್ಲಿ ಸಿಮೆಂಟಿನ ಅಂಗಡಿಯವರಿಗೆ ಸಾಲ ನಿಂತು, ಮೇಸ್ತ್ರಿ ಮನೆ ಬಾಗಿಲಿಗೆ ಬಂದು ಕೂತಾಗ ಆ ಸ್ವಾತಂತ್ರ್ಯ ಇರುವುದಿಲ್ಲ. ಆಗ ಬಿಲ್ಲಿನ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು, ಹಣ ಬಿಡುಗಡೆಯ ಪಟ್ಟಿಯಲ್ಲಿ ಅವನ ಹೆಸರು ಮೇಲೆ ಬರಲು ಏನು ಕೇಳಿದರೂ ಕೊಡುತ್ತಾನೆ. ಜ್ಯೇಷ್ಠತೆಯ ಪ್ರಕಾರ ಬಾಕಿ ಬಿಲ್ಲು ಪಾವತಿಸಿ ಎಂಬ ಒಂದೇ ಸಾಲಿನ ಬೇಡಿಕೆಯನ್ನು ಗುತ್ತಿಗೆದಾರರು ಯಾವ ಪಕ್ಷದ ಸರ್ಕಾರ ಬಂದರೂ ಮತ್ತೆ ಮತ್ತೆ ಮುಂದಿಡುವುದಕ್ಕೆ ಇದೇ ಕಾರಣ.

2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷರಾಗಿದ್ದ ಡಿ. ಕೆಂಪಣ್ಣ ಅವರು ಪ್ರಧಾನಿಗೆ ಪತ್ರ ಬರೆದರು. ಕೆಲಸ ಶುರುವಾಗುವ ಮುನ್ನ ಒಂದು ಪಾಲು, ಬಾಕಿ ಬಿಲ್ಲಿನ ಬಿಡುಗಡೆಗೆ ಮತ್ತೊಂದು ಪಾಲು ಎಂದು ಒಟ್ಟು ಶೇ 40ರವರೆಗೆ ಕೊಡಬೇಕಾಗಿದೆ ಎಂಬುದು ಅದರ ದೂರು. ಆಗಿನ ಸರ್ಕಾರ ಅದನ್ನು ಅಲ್ಲಗಳೆಯಿತು. 2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯ ವಸತಿಗೃಹದಲ್ಲಿ ಶವವಾಗಿ ಸಿಕ್ಕರು. ಹಿಂಡಲಗಾ ಗ್ರಾಮದಲ್ಲಿ ಸುಮಾರು 4 ಕೋಟಿ ರೂಪಾಯಿಯ ಕೆಲಸ ಮಾಡಿದ್ದೇನೆ, ಹಣ ಬಂದಿಲ್ಲ, ಕಮಿಷನ್ ಕೇಳುತ್ತಿದ್ದಾರೆ ಎಂದು ಅವರು ಹೇಳಿಕೊಂಡಿದ್ದರು; ಆ ಕೆಲಸಕ್ಕೆ ಕಾರ್ಯಾದೇಶವೇ ಇರಲಿಲ್ಲ ಎಂದು ಇಲಾಖೆ ಹೇಳಿತು. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಕೆ.ಎಸ್. ಈಶ್ವರಪ್ಪ ಅವರು ಆರೋಪವನ್ನು ನಿರಾಕರಿಸಿ ರಾಜೀನಾಮೆ ಕೊಟ್ಟರು, ಪೊಲೀಸರು ಆಮೇಲೆ ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ ಹಾಕಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಬ್ಬ ಸಚಿವರು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಕೆಂಪಣ್ಣ ಅವರ ಬಂಧನವೂ ಆಯಿತು. ಸರ್ಕಾರ ಬದಲಾದ ಮೇಲೆ ಕಮಿಷನ್ ಆರೋಪದ ತನಿಖೆಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ಆಯೋಗ ನೇಮಕವಾಗಿ, 2025ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು.

ಯಾರು ತಪ್ಪಿತಸ್ಥರು ಎಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಎಂಜಿನಿಯರ್ ಆಗಿ ನನ್ನನ್ನು ಕಾಡಿದ್ದು ಬೇರೆ ಎರಡು ಸಂಗತಿ. ಮೊದಲನೆಯದು, ಕಾರ್ಯಾದೇಶವಿಲ್ಲದೆ 4 ಕೋಟಿಯ ಕೆಲಸ ಮಾಡಿದ್ದೇನೆ ಎಂದು ಒಬ್ಬ ಗುತ್ತಿಗೆದಾರ ಹೇಳಿದಾಗ ನಮ್ಮಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. 'ಮೊದಲು ಕೆಲಸ ಮಾಡು, ಆದೇಶ ಆಮೇಲೆ ಮಾಡಿಸೋಣ' ಎಂಬ ಬಾಯಿಮಾತಿನ ಮೇಲೆ ಜಾತ್ರೆಗೆ ಮುಂಚೆ ರಸ್ತೆಗಳಾಗುವುದನ್ನು ನಾವೆಲ್ಲ ನೋಡಿದ್ದೇವೆ. ಎರಡನೆಯದು, ಶೇಕಡಾ ಲೆಕ್ಕ. ದರಪಟ್ಟಿಯಲ್ಲಿ ಗುತ್ತಿಗೆದಾರನ ಲಾಭವೆಂದು ಸಾಮಾನ್ಯವಾಗಿ ಶೇ 10ರಷ್ಟನ್ನು ಸೇರಿಸಿರುತ್ತಾರೆ. ಇದರ ಜೊತೆಗೆ ಪೈಪೋಟಿಯಲ್ಲಿ ದರವನ್ನು ಕೆಳಗಿಳಿಸಿ ಕೆಲಸ ಹಿಡಿದಿರುತ್ತಾನೆ. ಹೀಗಿರುವಾಗ ಶೇ 40 ಬೇಡ, ಶೇ 15 ಹೋದರೂ ಅದು ಲಾಭದಿಂದ ಹೋಗಲು ಸಾಧ್ಯವೇ ಇಲ್ಲ. ಅದು ಹೋಗುವುದು ಆ 7 ರಿಂಗುಗಳಿಂದ, ಆ 5 ಮಿ.ಮೀ.ನಿಂದ. ಕಮಿಷನ್ ಕೊಡುವವನು ಗುತ್ತಿಗೆದಾರನಲ್ಲ, ಅವನು ದಾಟಿಸುವವನು ಮಾತ್ರ, ಕೊಡುವುದು ಕಟ್ಟಡ.

ದೂರು ಕೊಡಬಹುದಲ್ಲ ಎಂದರೆ, ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರವಾಗಿ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಮೂರು ವರ್ಷದ ಬಿಲ್ಲು ಬಾಕಿ ಇರುವವನು, ಮುಂದಿನ ಟೆಂಡರೂ ಅದೇ ಕಚೇರಿಯಲ್ಲಿ ಹಾಕಬೇಕಾದವನು, 7 ದಿನದಲ್ಲಿ ಲೋಕಾಯುಕ್ತದ ಮೆಟ್ಟಿಲು ಹತ್ತುತ್ತಾನೆಯೇ? ಕೆಲವರು ಹತ್ತಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಅವರ ಧೈರ್ಯವನ್ನು ನಂಬಿಕೊಂಡು ವ್ಯವಸ್ಥೆ ಕಟ್ಟಲಾಗುವುದಿಲ್ಲ.

ಕಾರ್ಮಿಕರ ವಿಷಯವನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. 1996ರ ಕಾಯ್ದೆಗಳು ಬಂದಾಗಿನಿಂದ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಅವರ ಕಲ್ಯಾಣಕ್ಕೆ ಹೋಗಬೇಕು, ಅದು ಬಿಲ್ಲಿನಲ್ಲೇ ಕಡಿತವಾಗುತ್ತದೆ. ಹಣ ಬೇಕಾದಷ್ಟು ಜಮೆಯಾಗಿದೆ. ಆದರೆ ಕರಣೆ ಹಿಡಿಯದ ಕೈಗಳಿಗೂ ಕಾರ್ಮಿಕರ ಕಾರ್ಡು ಸಿಕ್ಕಿ, ಆಮೇಲೆ ಅವುಗಳನ್ನು ಲಕ್ಷಗಟ್ಟಲೆ ರದ್ದು ಮಾಡಬೇಕಾಯಿತು. ಬಾಂಡ್ಲಿ ಹೊರುವ ಹೆಂಗಸಿಗೆ ಕಾರ್ಡು ಸಿಕ್ಕಿದೆಯೇ ಎಂದು ನಿಮ್ಮ ಮೊದಲ ಸೈಟಿನಲ್ಲಿ ಕೇಳಿ ನೋಡಿ.

ಈಗ ಅಳತೆ ಪುಸ್ತಕಕ್ಕೆ ಮರಳುತ್ತೇನೆ, ಮತ್ತು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಎಂಬಿಯ ಪುಟಗಳಿಗೆ ಮೊದಲೇ ಸಂಖ್ಯೆ ಅಚ್ಚಾಗಿರುತ್ತದೆ. ಸ್ಥಳದಲ್ಲೇ ಅಳೆದು ಶಾಯಿಯಲ್ಲಿ ಬರೆಯಬೇಕು, ಉಜ್ಜಿ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಇಷ್ಟೆಲ್ಲ ಎಚ್ಚರ ವಹಿಸಿ ಮಾಡಿದ ಪುಸ್ತಕ ಅದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳ್ಳಿಯೊಂದರ ಮೋರಿಯ ಪಾಯ ಅಳೆಯಲು ಹೋದೆ. ಬಸ್ಸು ತಪ್ಪಿ ಒಂದು ದಿನ ತಡವಾಗಿತ್ತು. ಹೋಗಿ ನೋಡಿದರೆ ಪಾಯ ಮುಚ್ಚಿ, ಮೇಲೆ ಕಲ್ಲು ಕಟ್ಟಡ ಒಂದು ಅಡಿ ಎದ್ದಿದೆ. ಗುತ್ತಿಗೆದಾರ ಕೈಮುಗಿದು, "ಮೋಡ ಆಗಿತ್ತು ಸಾರ್, ಮಳೆ ಬಂದ್ರೆ ಗುಂಡಿ ಕುಸೀತದೆ ಅಂತ ಹಾಕ್ಬಿಟ್ವಿ. ಎಸ್ಟಿಮೇಟ್‌ನಲ್ಲಿ ಇದ್ದಷ್ಟೇ ಇದೆ, ನನ್ನ ಮಕ್ಕಳಾಣೆ" ಎಂದ. ಕಚೇರಿಗೆ ಬಂದು ನನ್ನ ಮೇಲಧಿಕಾರಿಗೆ ಹೇಳಿದೆ. ಅವರು ಪುಸ್ತಕವನ್ನು ನನ್ನ ಕಡೆ ಸರಿಸಿ, "ಈಗ ಪೆನ್ಸಿಲ್ಲಲ್ಲಿ ಬರಿ ತಮ್ಮಾ, ಶಾಯಿ ಆಮೇಲೆ ನೋಡೋಣ" ಎಂದರು. ನಾನು ಅಂದಾಜುಪಟ್ಟಿಯ ಆಳವನ್ನೇ ಪೆನ್ಸಿಲ್ಲಲ್ಲಿ ಬರೆದೆ. ವಾರದ ನಂತರ ಅದರ ಮೇಲೆಯೇ ಶಾಯಿ ತಿದ್ದಿದೆ. ಯಾರೂ ನನಗೆ ಒಂದು ರೂಪಾಯಿ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಆ ಮೋರಿ ಇಂದಿಗೂ ನಿಂತಿದೆ. ಅದರ ಪಾಯ ಎಷ್ಟು ಆಳವಿದೆ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ, ಸರ್ಕಾರಿ ದಾಖಲೆಗೆ ಮಾತ್ರ ಗೊತ್ತಿದೆ.

ಇದನ್ನು ಏಕೆ ಹೇಳಿದೆನೆಂದರೆ, ನೀವು ಎದುರಿಸಲಿರುವ ಮೊದಲ ಪರೀಕ್ಷೆ ಲಂಚದ್ದಾಗಿರುವುದಿಲ್ಲ. ನೋಡದ್ದನ್ನು ನೋಡಿದೆ ಎಂದು ಬರೆಯುವುದರದ್ದಾಗಿರುತ್ತದೆ. ಒಮ್ಮೆ ಹಾಗೆ ಬರೆದ ಕೈ ಎಲ್ಲರಿಗೂ ಗೊತ್ತಾಗುತ್ತದೆ. ಈಗ ಸ್ಥಳದ ಅಕ್ಷಾಂಶ ರೇಖಾಂಶ ಸಮೇತ ಫೋಟೋ ತೆಗೆಯುವ ಏರ್ಪಾಡಿದೆ, ಮೂರನೆಯವರ ತಪಾಸಣೆ ಇದೆ, ಕಾಂಕ್ರೀಟ್ ಕ್ಯೂಬ್‌ಗಳ 7 ದಿನ, 28 ದಿನಗಳ ಪರೀಕ್ಷೆ ಇದೆ. ಎಲ್ಲವೂ ಒಳ್ಳೆಯದೇ. ಆದರೆ ಕ್ಯೂಬಿಗೆಂದೇ ಬೇರೆಯಾಗಿ ಹದವಾದ ಕಾಂಕ್ರೀಟು ಕಲಸುವ ಸೈಟುಗಳನ್ನು ನಾನು ನೋಡಿದ್ದೇನೆ. ತಾರಸಿಯ ಮೋಲ್ಡಿಗೆ ಹೋಗುವ ಮಾಲಿಗೆ ಪೈಪು ಹಿಡಿದು ನೀರು ಬಿಡುತ್ತಿರುತ್ತಾರೆ, ಪಕ್ಕದಲ್ಲಿ ಕ್ಯೂಬಿನ ಮಾಲು ಮದುವೆ ಮನೆಯ ಕೇಸರಿಬಾತಿನಂತೆ ಹದವಾಗಿರುತ್ತದೆ. ಪರೀಕ್ಷಾ ವರದಿ ಸುಳ್ಳಲ್ಲ, ಆ ಕ್ಯೂಬು ಗಟ್ಟಿಯಾಗಿಯೇ ಇರುತ್ತದೆ.

ಉಪನ್ಯಾಸದ ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬರು ಎದ್ದು ನಿಂತು, ಮೇಲಧಿಕಾರಿ ಸಹಿ ಹಾಕು ಎಂದರೆ ಹೊಸಬರು ಏನು ಮಾಡಬೇಕು ಎಂದು ಕೇಳಿದರು. ನನಗೆ ಗೊತ್ತಿದ್ದ ಉತ್ತರ ಒಂದೇ: 'ನೋಡಿಲ್ಲ' ಎಂದು ಬರೆಯಲು ಎಂಬಿಯಲ್ಲಿ ಯಾವ ನಿಷೇಧವೂ ಇಲ್ಲ. ಮೋರಿಯ ಘಟನೆಯಾಗಿ ಕೆಲವು ವರ್ಷಗಳ ನಂತರ ಇನ್ನೊಂದು ಕೆಲಸದಲ್ಲಿ ಅಂಥದ್ದೇ ಸಂದರ್ಭ ಬಂದಾಗ, 'ಪಾಯ ಮುಚ್ಚಿದ ಮೇಲೆ ಸ್ಥಳಕ್ಕೆ ಬಂದಿದ್ದೇನೆ, ಆಳ ಅಳೆದಿಲ್ಲ' ಎಂದು ನೇರವಾಗಿ ಶಾಯಿಯಲ್ಲೇ ಬರೆದುಬಿಟ್ಟೆ. ಬಿಲ್ಲು ನಾಲ್ಕು ತಿಂಗಳು ನಿಂತಿತು. ಕೊನೆಗೆ ಮೂಲೆಯೊಂದರಲ್ಲಿ ಗುಂಡಿ ತೋಡಿಸಿ ಟೇಪು ಇಳಿಸಿದೆವು. ನಕ್ಷೆಯಲ್ಲಿ ಇದ್ದುದಕ್ಕಿಂತ ಎರಡು ಇಂಚು ಹೆಚ್ಚೇ ಇತ್ತು. ಆ ಗುತ್ತಿಗೆದಾರ ಪ್ರಾಮಾಣಿಕನಾಗಿದ್ದ. ನಾನು ಕ್ಷಮೆ ಕೇಳಿದೆ. ಅವನು ಟೇಪನ್ನು ಸುತ್ತಿ ನನ್ನ ಕೈಗಿಟ್ಟು, "ಅದೆಲ್ಲ ಸರಿ ಸಾರ್, ಈ ಗುಂಡಿ ತೋಡಿದ ಇಬ್ಬರು ಆಳಿನ ಕೂಲಿ ಯಾವ ಬಿಲ್ಲಲ್ಲಿ ಹಾಕ್ತೀರಿ?" ಎಂದು ಕೇಳಿದ.